ಹರಿತವಿದ್ದರೂ ಕೊಯ್ಯದ ಚಾಕು

ಹೊಸ ಜೇಬು ಚಾಕುವನ್ನು ಕಾಗದದ ಮೇಲೆ ಎಳೆದರೆ ಸರ್ರನೆ ಸೀಳುತ್ತದೆ. ಮುಂಗೈ ಕೂದಲನ್ನೂ ಬೋಳಿಸುತ್ತದೆ. ಅದೇ ಚಾಕುವಿನಿಂದ ಸೇಬು ಕೊಯ್ಯಲು ಹೋದರೆ, ಅರ್ಧಕ್ಕೆ ಬರುವಷ್ಟರಲ್ಲಿ ಹಣ್ಣು ಪಟ್ಟನೆ ಒಡೆದು ಎರಡಾಗುತ್ತದೆ. ದಪ್ಪ ರಟ್ಟಿಗೆ ಹಾಕಿದರೆ ಒಂದು ಗೇಣು ಹೋಗುವುದರೊಳಗೆ ಸಿಕ್ಕಿಕೊಳ್ಳುತ್ತದೆ. ಹರಿತ ಸಾಲದೇನೋ ಅಂತ ಕೊಂಡವರು ಮತ್ತೆ ಮಸೆಯುತ್ತಾರೆ. ಮಸೆದರೂ ಅಷ್ಟೇ. ಕೊನೆಗೆ ಉಕ್ಕೇ ಸರಿಯಿಲ್ಲ ಅಂದುಕೊಂಡು, ಇನ್ನೂ ದೊಡ್ಡ ಹೆಸರಿನ ಉಕ್ಕಿರುವ ಮತ್ತೊಂದು ಚಾಕು ತರುತ್ತಾರೆ. ಅದೂ ಹಾಗೇ ಮಾಡುತ್ತದೆ.

ಇಂಥ ಕಡೆ ಉಕ್ಕನ್ನು ಬೈದು ಪ್ರಯೋಜನವಿಲ್ಲ. ಹರಿತ ಬೇರೆ, ಕೊಯ್ಯುವ ಗುಣ ಬೇರೆ. ಹರಿತ ಅಂದರೆ ಅಂಚಿನ ತುತ್ತತುದಿ ಎಷ್ಟು ಸಣ್ಣಗಿದೆ ಅನ್ನುವುದು. ಅದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದ ಮಾತು. ಕಾಗದ, ಕೂದಲು ಇವೆಲ್ಲ ತೀರಾ ತೆಳು. ಅವನ್ನು ಕತ್ತರಿಸಲು ಆ ತುದಿಯೊಂದೇ ಸಾಕು. ಸೇಬು ಹಾಗಲ್ಲ. ತುದಿ ಒಳಗೆ ಹೋದ ಮೇಲೆ ಅದರ ಹಿಂದೆ ಇಡೀ ಅಲಗು ಹೋಗಬೇಕು. ಅಲಗು ಎಷ್ಟು ದಪ್ಪವೋ ಅಷ್ಟು ಜಾಗವನ್ನು ಹಣ್ಣು ಬಿಟ್ಟುಕೊಡಬೇಕು. ಸೇಬು ಗಟ್ಟಿ, ಬಾಗುವುದಿಲ್ಲ. ಹಾಗಾಗಿ ಬಿರುಕು ಬಿಡುತ್ತದೆ. ಸೌದೆಗೆ ಹೊಡೆದ ಬೆಣೆಯ ಕೆಲಸವೂ ಇದೇ. ರಟ್ಟಿನಲ್ಲಿ ಬಿರುಕು ಬರುವುದಿಲ್ಲ, ಆದರೆ ಅದು ಅಲಗಿನ ಎರಡೂ ಕೆನ್ನೆಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾವು ಸುಮ್ನೆ ಜೋರು ಹಾಕುತ್ತಾ ಹೋಗುತ್ತೇವೆ.

ಅಂಚಿನ ಹಿಂದಿನ ದಪ್ಪ

ಚಾಕುವಿನ ಬಗ್ಗೆ ಒಂದೇ ಒಂದು ವಿಷಯ ತಿಳಿದುಕೊಳ್ಳುವುದಾದರೆ ಇದನ್ನು ತಿಳಿದುಕೊಳ್ಳಿ ಅನ್ನುತ್ತೇನೆ. ಅಲಗನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗೆ, ತುದಿಯ ಉದ್ದಕ್ಕೂ, ಒಂದು ಸಣ್ಣ ಹೊಳೆಯುವ ಪಟ್ಟಿ ಕಾಣುತ್ತದೆ. ಸಾಣೆ ಹಿಡಿದ ಜಾಗ ಅದು. ಆ ಪಟ್ಟಿ ಮುಗಿದು ಅಲಗಿನ ಮೈ ಶುರುವಾಗುವ ಕಡೆ ಅಲಗು ಎಷ್ಟು ದಪ್ಪ ಇದೆ? ಅದೇ ಅಂಚಿನ ಹಿಂದಿನ ದಪ್ಪ. ಚೆನ್ನಾಗಿ ಕೊಯ್ಯುವ ಚಾಕುಗಳಲ್ಲಿ ಇದು 0.3 ಮಿಲಿಮೀಟರ್ ಆಸುಪಾಸು ಇರುತ್ತದೆ. ಬೇಸರ ತರಿಸುವ ಜೇಬು ಚಾಕುಗಳಲ್ಲಿ 0.7, 0.8, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹೇಳಲು ಅರ್ಧ ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಕೈಗೆ ಮಾತ್ರ ಅದು ತುಂಬಾ ಚೆನ್ನಾಗಿ ಗೊತ್ತಾಗುತ್ತದೆ.

ಇದನ್ನು ಅಳೆಯಲು ಸಲಕರಣೆ ಬೇಕಿಲ್ಲ. ಆ ಹೊಳೆಯುವ ಪಟ್ಟಿಯ ಅಗಲ ನೋಡಿದರೆ ಸಾಕು. ಜೇಬು ಚಾಕುಗಳಿಗೆ ಸಾಮಾನ್ಯವಾಗಿ ಒಂದೊಂದು ಬದಿಗೆ 20 ಡಿಗ್ರಿ ಕೋನದಲ್ಲಿ ಸಾಣೆ ಹಿಡಿದಿರುತ್ತಾರೆ. ಆ ಕೋನದಲ್ಲಿ ಪಟ್ಟಿ 1 ಮಿಲಿಮೀಟರ್ ಅಗಲ ಇದ್ದರೆ ಅದರ ಹಿಂದಿನ ದಪ್ಪ ಹತ್ತಿರಹತ್ತಿರ 0.7 ಮಿಲಿಮೀಟರ್. ಪಟ್ಟಿ ಅರ್ಧ ಮಿಲಿಮೀಟರ್ ಇದ್ದರೆ ದಪ್ಪವೂ ಅದರ ಅರ್ಧ. ಅಂದರೆ ಹೊಸ ಚಾಕುವಿನಲ್ಲಿ ದೂರದಿಂದಲೇ ಎದ್ದು ಕಾಣುವ ಅಗಲವಾದ ಪಟ್ಟಿ ಇದ್ದರೆ ಸ್ವಲ್ಪ ಅನುಮಾನ ಪಡಬೇಕು. ಕೋನವೇ ತೀರಾ ಸಣ್ಣದಿದ್ದರೂ ಪಟ್ಟಿ ಅಗಲವಾಗಿ ಕಾಣುತ್ತದೆ, ನಿಜ. ಆದರೆ ಕಾರ್ಖಾನೆಯಿಂದ ಬರುವ ಚಾಕುಗಳಲ್ಲಿ ಅಂಥದ್ದು ಕಡಿಮೆ.

ಇನ್ನು ಅಲಗಿನ ಬೆನ್ನಿನ ಕಡೆಗೆ ಬನ್ನಿ. ಅಡುಗೆಮನೆಯ ಚಾಕುವಿನ ಬೆನ್ನು ಸುಮಾರು 2 ಮಿಲಿಮೀಟರ್ ದಪ್ಪ, ಅಲಗಿನ ಎತ್ತರ 45 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಅಷ್ಟು ಎತ್ತರದಲ್ಲಿ ನಿಧಾನವಾಗಿ ತೆಳುವಾಗುತ್ತಾ ಬಂದರೆ ಅಲಗಿನ ಎರಡು ಕೆನ್ನೆಗಳ ನಡುವಿನ ಕೋನ ಬರೀ 2 ಡಿಗ್ರಿ. ಈಗ ಒಂದು ಗಟ್ಟಿಮುಟ್ಟಾದ ಜೇಬು ಚಾಕು ತೆಗೆದುಕೊಳ್ಳಿ. ಬೆನ್ನು 3.5 ಮಿಲಿಮೀಟರ್, ಎತ್ತರ 25. ಬೆನ್ನಿನಿಂದ ಅಂಚಿನವರೆಗೂ ಇಳಿಜಾರಾಗಿ ಸವೆಸಿದ್ದರೆ ಕೋನ 7 ಡಿಗ್ರಿಯ ಹತ್ತಿರ. ಹಾಗೆ ಮಾಡದೆ, ಅಲಗಿನ ಮೇಲರ್ಧವನ್ನು ಪೂರ್ತಿ ದಪ್ಪಕ್ಕೇ ಬಿಟ್ಟು ಕೆಳಗಿನ 12 ಮಿಲಿಮೀಟರ್ ಮಾತ್ರ ಇಳಿಜಾರು ಮಾಡಿದ್ದರೆ? ಸುಮಾರು 14 ಡಿಗ್ರಿ. ಅಡುಗೆಮನೆಯ ಚಾಕುವಿಗಿಂತ ಆರೇಳು ಪಟ್ಟು ದಪ್ಪ ಬೆಣೆ. ಇದನ್ನು ಎಷ್ಟು ಮಸೆದರೂ ಸೇಬು ಒಡೆಯುವುದು ತಪ್ಪುವುದಿಲ್ಲ, ಯಾಕೆಂದರೆ ನಾವು ಮಸೆಯುತ್ತಿರುವುದು ತುದಿಯನ್ನು, ತೊಂದರೆ ಇರುವುದು ಮೈಯಲ್ಲಿ.

ಹಾಗಾದರೆ ತಯಾರಕರು ಇಷ್ಟು ದಪ್ಪ ಯಾಕೆ ಇಡುತ್ತಾರೆ? ಅವರಿಗೂ ಅವರದೇ ಕಾರಣಗಳಿವೆ. ಜನ ಚಾಕುವಿನಿಂದ ಡಬ್ಬಿಯ ಮುಚ್ಚಳ ಮೀಟುತ್ತಾರೆ, ಸ್ಕ್ರೂ ತಿರುಗಿಸುತ್ತಾರೆ, ಮೊನೆ ಮುರಿದರೆ ವಾಪಸ್ಸು ತರುತ್ತಾರೆ. ತೆಳು ಅಲಗು ಮುರಿದರೆ ಜಗಳ, ದಪ್ಪ ಅಲಗು ಕೊಯ್ಯದಿದ್ದರೆ ಯಾರೂ ಕೇಳುವುದಿಲ್ಲ. ಜೊತೆಗೆ ಕೊಳ್ಳುವಾಗ ದಪ್ಪ ಚಾಕು ಕೈಗೆ ಗಟ್ಟಿ ಅನ್ನಿಸುತ್ತದೆ. ಭಾರ, ಬಿಗಿ, ಭರವಸೆ ಎಲ್ಲ ಒಟ್ಟಿಗೆ ಸಿಕ್ಕ ಹಾಗಾಗುತ್ತದೆ. ಕೊಳ್ಳುವ ಹೊತ್ತಿನಲ್ಲಿ ಯಾರೂ ಅದರಿಂದ ಹಣ್ಣು ಕೊಯ್ದು ನೋಡುವುದಿಲ್ಲ, ಅಲ್ವಾ?

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ಚಾಕು ಅಂಚಿನಿಂದ ಬೆನ್ನಿನ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. ಪ್ರತಿ ಸಲ ಮಸೆದಾಗಲೂ ಅಂಚು ಒಂದಿಷ್ಟು ಮೇಲಕ್ಕೆ, ಅಂದರೆ ದಪ್ಪದ ಕಡೆಗೆ ಸರಿಯುತ್ತದೆ. ವರ್ಷಗಟ್ಟಲೆ ಮಸೆದ ಚಾಕು ಹರಿತವಾಗಿಯೇ ಇರುತ್ತದೆ, ಆದರೆ ಮೊದಲಿನ ಹಾಗೆ ಕೊಯ್ಯುವುದಿಲ್ಲ. "ಮುಂಚೆ ಎಷ್ಟು ಚೆನ್ನಾಗಿತ್ತು" ಅನ್ನುವ ಮಾತು ಬರೀ ನೆನಪಿನ ಮೋಹವಲ್ಲ. ಅದಕ್ಕೆ ಲೆಕ್ಕ ಇದೆ.

ದಪ್ಪದ ಮಾತು ನಿಜವೋ ಅಲ್ಲವೋ ನೋಡಬೇಕಾದರೆ ಹಳೆಯ ಎರಡು ಚಾಕುಗಳ ಕಡೆ ನೋಡಿದರೆ ಸಾಕು. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಮಡಚು ಚಾಕು ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ಅದರ ಅಲಗಿನ ಬೆನ್ನೇ 2 ಮಿಲಿಮೀಟರಿಗಿಂತ ತೆಳು. ಇನ್ನೊಂದು, ಸ್ವಿಸ್ ಆರ್ಮಿ ಚಾಕು ಅಂತ ಎಲ್ಲರಿಗೂ ಗೊತ್ತಿರುವುದು. ಕಾರ್ಲ್ ಎಲ್ಸೆನರ್ 1897ರಲ್ಲಿ ಹೊರತಂದ ಅಧಿಕಾರಿಗಳ ಚಾಕುವಿನಿಂದ ಬಂದ ವಂಶ ಅದು. ಅದರ ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಹತ್ತಿರ. ಚಾಕು ಹುಚ್ಚಿನವರು ಇದನ್ನು ಮೆದು ಉಕ್ಕು ಅನ್ನುತ್ತಾರೆ. ಆದರೂ ಸೇಬು, ರಟ್ಟು, ದಾರ ಯಾವುದನ್ನೇ ಕೊಡಿ, ಈ ಎರಡೂ ಚಾಕುಗಳು ತಮಗಿಂತ ಮೂರು ಪಟ್ಟು ಭಾರದ, ದೊಡ್ಡ ಹೆಸರಿನ ಚಾಕುಗಳಿಗಿಂತ ಸಲೀಸಾಗಿ ಕೊಯ್ಯುತ್ತವೆ. ಕಾರಣ ತೆಳು ಅಲಗು. ಅವುಗಳಲ್ಲಿ ಕೊರತೆ ಇಲ್ಲವೆಂದಲ್ಲ. ಒಪಿನೆಲ್‌ನ ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಒಳಗೇ ಕಚ್ಚಿಕೊಂಡು ಕೂರುತ್ತದೆ. ಸ್ವಿಸ್ ಚಾಕುವಿನ ಹಳೆಯ ಮಾದರಿಗಳಲ್ಲಿ ಲಾಕ್ ಇಲ್ಲ. ಆದರೆ ಕೊಯ್ಯುವ ವಿಷಯದಲ್ಲಿ ದೂರು ಬರುವುದು ಅಪರೂಪ.

ಉಕ್ಕಿನ ಹೆಸರು ಮತ್ತು ಹದ

ಚಾಕು ಮಾರುವ ಕಡೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯುವುದು ಉಕ್ಕಿನ ಹೆಸರು. ಹೆಸರಿನಿಂದ ತಿಳಿಯುವುದು ಉಕ್ಕಿನಲ್ಲಿ ಏನೇನು ಬೆರೆಸಿದ್ದಾರೆ ಅನ್ನುವುದಷ್ಟೇ. ಎಷ್ಟು ಕಾಯಿಸಿದರು, ಎಷ್ಟು ಬೇಗ ತಣಿಸಿದರು, ಆಮೇಲೆ ಎಷ್ಟು ಬಿಸಿಯಲ್ಲಿ ಹದಕ್ಕೆ ತಂದರು ಅನ್ನುವುದು ಹೆಸರಿನಲ್ಲಿ ಇರುವುದಿಲ್ಲ. ಒಂದೇ ಉಕ್ಕು ಒಬ್ಬರ ಕೈಯಲ್ಲಿ ರಾಕ್‌ವೆಲ್ 57ಕ್ಕೆ ನಿಲ್ಲಬಹುದು, ಇನ್ನೊಬ್ಬರ ಕೈಯಲ್ಲಿ 61ಕ್ಕೆ ಹೋಗಬಹುದು. ಬಳಕೆಯಲ್ಲಿ ಅವೆರಡೂ ಬೇರೆ ಬೇರೆ ಚಾಕುಗಳೇ ಸರಿ.

ಅಂಚು ಮೊಂಡಾಗುವ ಬಗೆಗಳೂ ಬೇರೆ ಬೇರೆ. ಮೆದು ಉಕ್ಕಿನಲ್ಲಿ ತುದಿ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅಂಚಿನ ಬದಿಯಲ್ಲಿ ಉಗುರು ಎಳೆದರೆ ತಡೆಯುತ್ತದೆ. ತೀರಾ ಗಡಸು ಉಕ್ಕಿನಲ್ಲಿ ತುದಿ ಸಣ್ಣಸಣ್ಣ ಚೂರಾಗಿ ಉದುರುತ್ತದೆ. ಮೂರನೆಯದು ಸವೆತ. ರಟ್ಟಿನ ಪೆಟ್ಟಿಗೆಗಳು ಚಾಕುವನ್ನು ಅಷ್ಟು ಬೇಗ ಮೊಂಡು ಮಾಡುವುದು ಇದರಿಂದಲೇ. ರಟ್ಟಿನೊಳಗೆ ಜೇಡಿ ಮತ್ತು ಇತರ ಖನಿಜಗಳ ಪುಡಿ ಸೇರಿರುತ್ತದೆ. ಕೊಯ್ಯುತ್ತಿದ್ದೇವೆ ಅಂತ ನಾವು ಅಂದುಕೊಂಡಿರುತ್ತೇವೆ, ರಟ್ಟು ನಮ್ಮ ಅಂಚನ್ನು ಉಜ್ಜುತ್ತಿರುತ್ತದೆ. ಇವಲ್ಲದೆ ತುಕ್ಕು ಇದೆ. ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿದರೂ ಅಂಚಿನ ಹರಿತ ಹೋಗುತ್ತದೆ.

ಸವೆತ ತಡೆಯಬೇಕೆಂದೇ ಉಕ್ಕಿಗೆ ವೆನೇಡಿಯಂ ಅನ್ನುವ ಲೋಹ ಬೆರೆಸುತ್ತಾರೆ. ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗೆಂದೇ ತಂದ ಎಸ್30ವಿ ಉಕ್ಕಿನಲ್ಲಿ ಅದು ಸುಮಾರು 4 ಶೇಕಡಾ ಇದೆ. ವೆನೇಡಿಯಂ ಇಂಗಾಲದ ಜೊತೆ ಸೇರಿ ತುಂಬಾ ಗಡಸಾದ ಸಣ್ಣ ಕಣಗಳಾಗುತ್ತದೆ. ಆ ಕಣಗಳೇ ಸವೆತವನ್ನು ತಡೆಯುತ್ತವೆ. ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಮನೆಯಲ್ಲಿರುವ ಮಾಮೂಲಿ ಸಾಣೆಕಲ್ಲು ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡಿನದು. ವೆನೇಡಿಯಂ ಕಣಗಳು ಅದಕ್ಕಿಂತ ಗಡಸು. ಕಲ್ಲು ಉಕ್ಕನ್ನು ಸವೆಸುತ್ತದೆ, ಕಣಗಳನ್ನು ಸವೆಸಲು ತಿಣುಕುತ್ತದೆ. ತಿಂಗಳುಗಟ್ಟಲೆ ಹರಿತ ಉಳಿಸಿಕೊಂಡ ಚಾಕು ಒಂದು ದಿನ ಮೊಂಡಾಗುತ್ತದೆ. ಆಮೇಲೆ ಎಷ್ಟು ಮಸೆದರೂ ಮೊದಲಿನ ಅಂಚು ಬರುವುದಿಲ್ಲ. ವಜ್ರದ ಪುಡಿ ಕೂರಿಸಿದ ಸಾಣೆ ಬೇಕು ಅಂತ ಕೊಳ್ಳುವಾಗ ಯಾರೂ ಹೇಳಿರುವುದಿಲ್ಲ. ಒಳ್ಳೆಯ ಉಕ್ಕಿನ ಮೇಲೆ ಬರುವ ದೊಡ್ಡ ನಿರಾಸೆ ಇದು. ತಪ್ಪು ಚಾಕುವಿನದೂ ಅಲ್ಲ, ಕೊಂಡವರದೂ ಅಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ದಿನವಿಡೀ ರಟ್ಟು ಕೊಯ್ಯುವ ಕೆಲಸ ಇಲ್ಲದವರಿಗೆ ಬೇಗ ಹರಿತಕ್ಕೆ ಬರುವ ಉಕ್ಕೇ ಒಳ್ಳೆಯದು. ಐದು ನಿಮಿಷದಲ್ಲಿ ಸರಿಮಾಡಬಹುದು ಅಂತಿದ್ದರೆ ಜನ ಮಸೆಯುತ್ತಾರೆ. ಅದೇ ಒಂದು ಗಂಟೆಯ ಕೆಲಸ ಅಂದರೆ ಮೊಂಡು ಚಾಕುವನ್ನೇ ಇಟ್ಟುಕೊಂಡು ಓಡಾಡುತ್ತಾರೆ. ಮೊಂಡು ಚಾಕು ಅಪಾಯದ್ದೂ ಹೌದು. ಜೋರು ಹಾಕಿದಾಗ ಅದು ಜಾರಿ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ತುಕ್ಕಿನ ವಿಷಯದಲ್ಲಿ ಡಿ2 ಅನ್ನುವ ಉಕ್ಕು ತುಂಬಾ ಜನರನ್ನು ಏಮಾರಿಸುತ್ತದೆ. ಅದರಲ್ಲಿ ಸುಮಾರು 12 ಶೇಕಡಾ ಕ್ರೋಮಿಯಂ ಇದೆ. ತುಕ್ಕು ಹಿಡಿಯದ ಉಕ್ಕು ಅನ್ನಿಸಿಕೊಳ್ಳಲು ಕನಿಷ್ಠ 10.5 ಶೇಕಡಾ ಇರಬೇಕು ಅನ್ನುತ್ತಾರೆ. ಲೆಕ್ಕದಲ್ಲಿ ಡಿ2 ಪಾಸಾಯಿತು. ಆದರೆ ಅದರಲ್ಲಿ ಇಂಗಾಲವೂ ಒಂದೂವರೆ ಶೇಕಡಾ ಇದೆ. ಅದು ಕ್ರೋಮಿಯಂನ ದೊಡ್ಡ ಪಾಲನ್ನು ಗಡಸು ಕಣಗಳಾಗಿ ಕಟ್ಟಿಹಾಕಿಬಿಡುತ್ತದೆ. ತುಕ್ಕು ತಡೆಯಲು ಬಿಡಿಯಾಗಿ ಉಳಿದ ಕ್ರೋಮಿಯಂ ಸಾಲದು. ನಿಂಬೆಹಣ್ಣು ಕೊಯ್ದು ಒರೆಸದೆ ಮಡಚಿಟ್ಟರೆ, ಬೆವರಿನ ಜೇಬಿನಲ್ಲಿ ಇಟ್ಟುಕೊಂಡರೆ ಕಲೆ ಕಟ್ಟುತ್ತದೆ.

ಇನ್ನೊಂದು ಮಾತು. ಹೊಸ ಚಾಕುವಿನ ಮೊದಲ ಅಂಚನ್ನು ನೋಡಿ ಉಕ್ಕಿನ ಬಗ್ಗೆ ತೀರ್ಪು ಕೊಡಬೇಡಿ. ಕಾರ್ಖಾನೆಯಲ್ಲಿ ಕೊನೆಯ ಸಾಣೆ ಹಿಡಿಯುವುದು ಜೋರಾಗಿ ಓಡುವ ಸಾಣೆ ಬೆಲ್ಟಿನ ಮೇಲೆ. ನೀರಿಲ್ಲದೆ ಹಿಡಿದರೆ ತುದಿ ಕ್ಷಣದಲ್ಲಿ ಕಾಯುತ್ತದೆ, ಅಷ್ಟು ಜಾಗದ ಹದ ಕೆಡುತ್ತದೆ. ಅಂಥ ಅಂಚು ಎರಡು ದಿನಕ್ಕೇ ಮೊಂಡಾಗುತ್ತದೆ. ಕೈಯಲ್ಲಿ ಕಲ್ಲಿನ ಮೇಲೆ ಎರಡು ಮೂರು ಸಲ ಮಸೆದು ಆ ಕೆಟ್ಟ ಪದರ ಹೋದ ಮೇಲೆ ಅದೇ ಚಾಕು ಎಷ್ಟೋ ಹೊತ್ತು ಹರಿತವಾಗಿ ನಿಲ್ಲುತ್ತದೆ.

ತೆರೆಯುವ ಖುಷಿ, ಲಾಕಿನ ನಂಬಿಕೆ

ಕೊಳ್ಳುವಾಗ ಎಲ್ಲರೂ ಮಾಡುವ ಪರೀಕ್ಷೆ ಒಂದೇ. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಟಕ್ ಅನ್ನುವ ಸದ್ದು ಚೆನ್ನಾಗಿದ್ದರೆ ಮನಸ್ಸು ಸೋಲುತ್ತದೆ. ಅದರಲ್ಲಿ ತಪ್ಪೇನಿಲ್ಲ, ಖುಷಿ ಕೊಡುವ ವಸ್ತು ಜೇಬಿನಲ್ಲಿರುವುದು ಒಳ್ಳೆಯದೇ. ಆದರೆ ಬಳಕೆಯಲ್ಲಿ ನೋಡಬೇಕಾದ್ದು ಮುಚ್ಚಿದಾಗ ಅಲಗು ಎಷ್ಟು ಗಟ್ಟಿಯಾಗಿ ಒಳಗೆ ನಿಲ್ಲುತ್ತದೆ ಅನ್ನುವುದು. ಅಲಗಿನ ಬುಡದಲ್ಲಿ ಒಂದು ಸಣ್ಣ ಗುಳಿ, ಅದರೊಳಗೆ ಕೂರುವ ಸಣ್ಣ ಗುಂಡು, ಬಹಳ ಚಾಕುಗಳಲ್ಲಿ ಅಲಗನ್ನು ಒಳಗೆ ಹಿಡಿದಿಡುವುದು ಅಷ್ಟೇ. ಈ ಹಿಡಿತ ಸಡಿಲವಿದ್ದರೆ ಚಾಕು ಜೇಬಿನಲ್ಲೇ ತುಸು ತೆರೆದುಕೊಂಡು, ಕೈ ಹಾಕಿದಾಗ ಮೊನೆ ಚುಚ್ಚುತ್ತದೆ. ಮುಚ್ಚಿದ ಚಾಕುವನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಅಲಗು ಹೊರಬರುವ ಹಾಗಿದ್ದರೆ ಅದು ಬೇಡ. ಹಿಡಿತ ಅತಿಯಾದರೆ ಬೇರೆ ಕಷ್ಟ, ತೆರೆಯುವಾಗಲೆಲ್ಲ ಹೆಬ್ಬೆರಳು ನೋಯುತ್ತದೆ.

ಲಾಕುಗಳಲ್ಲಿ ಹಲವು ಬಗೆ. ಬರೀ ಸ್ಪ್ರಿಂಗಿನ ಬಲದಿಂದ ನಿಲ್ಲುವ ಹಳೆಯ ಬಗೆಯಲ್ಲಿ ಲಾಕೇ ಇಲ್ಲ. ಮೊನೆಯಿಂದ ಏನನ್ನಾದರೂ ಚುಚ್ಚಲು ಹೋದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಹಿಡಿಯ ಬೆನ್ನಿನಲ್ಲಿ ಒತ್ತುವ ಲಾಕನ್ನು 1960ರ ದಶಕದಲ್ಲಿ ಬಕ್ ಕಂಪನಿಯ 110 ಮಾದರಿ ಜನಪ್ರಿಯ ಮಾಡಿತು. ಗಟ್ಟಿ ಲಾಕು ಅದು, ಆದರೆ ಒಂದೇ ಕೈಯಲ್ಲಿ ಮುಚ್ಚಲು ಅಭ್ಯಾಸ ಬೇಕು. ಒಳಗಿನ ತಗಡೊಂದು ಪಕ್ಕದಿಂದ ಸರಿದು ಅಲಗಿಗೆ ಅಡ್ಡ ನಿಲ್ಲುವ ಲೈನರ್ ಲಾಕಿಗೆ ಈಗಿನ ರೂಪ ಕೊಟ್ಟವರು ಮೈಕಲ್ ವಾಕರ್, 1980ರ ದಶಕದಲ್ಲಿ. ಇವತ್ತಿನ ಹೆಚ್ಚಿನ ಚಾಕುಗಳಲ್ಲಿ ಇರುವುದು ಇದು ಅಥವಾ ಇದನ್ನೇ ಹೋಲುವ ಇನ್ನೊಂದು ಬಗೆ. ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ ಅನ್ನುವುದನ್ನು ಮರೆಯಬಾರದು. ಎಡಗೈಯವರಿಗೆ ಇದು ಉಲ್ಟಾ. ಜೊತೆಗೆ ಜೇಬಿನ ನೂಲಿನ ಧೂಳು ಲಾಕಿನ ಸಂದಿಯಲ್ಲಿ ತುಂಬಿಕೊಂಡರೆ ತಗಡು ಪೂರ್ತಿ ಸರಿಯುವುದಿಲ್ಲ. ತೆರೆದಾಗ ಲಾಕ್ ಆಯಿತು ಅಂತ ಸದ್ದು ಬರುತ್ತದೆ, ಒಳಗೆ ತುದಿಯಷ್ಟೇ ತಾಗಿರುತ್ತದೆ. ಆಗಾಗ ಊದಿ, ಒರೆಸಿ, ಅಲಗು ತಿರುಗುವ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಈ ತೊಂದರೆ ಬರುವುದಿಲ್ಲ.

ಜೇಬಿಗೆ ಹಿತ, ಕೈಗೆ ಕಷ್ಟ

ಜೇಬಿಗೆ ಬೇಕಾದ್ದು ತೆಳು, ಚಪ್ಪಟೆ ಹಿಡಿ. ಕೈಗೆ ಬೇಕಾದ್ದು ದುಂಡಗೆ, ತುಂಬಿಕೊಂಡಿರುವ ಹಿಡಿ. ಎರಡನ್ನೂ ಒಟ್ಟಿಗೆ ಕೊಡಲು ಆಗುವುದಿಲ್ಲ. ಎರಡು ಲೋಹದ ತಗಡುಗಳ ನಡುವೆ ಅಲಗು ಕೂರಿಸಿದ ಚಾಕು ಫೋಟೋದಲ್ಲಿ ತುಂಬಾ ಚಂದ. ಹತ್ತು ನಿಮಿಷ ಕಟ್ಟಿಗೆ ಕೆತ್ತಿದರೆ ಅಂಗೈಯಲ್ಲಿ ಗೆರೆ ಬೀಳುತ್ತದೆ. ಸ್ಪೈಡರ್ಕೋ ಕಂಪನಿ 1981ರಲ್ಲಿ ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಇರುವ ಚಾಕು ತಂದ ಮೇಲೆ ಎಲ್ಲರೂ ಕ್ಲಿಪ್ ಹಾಕತೊಡಗಿದರು. ತುಂಬಾ ಉಪಯೋಗದ ವಸ್ತು ಅದು. ಆದರೆ ಕೆಲಸ ಮಾಡುವಾಗ ಬೆರಳುಗಳ ಕೆಳಗೆ ಚುಚ್ಚುವುದೂ, ಪ್ಯಾಂಟಿನ ಜೇಬಿನ ಹೊಲಿಗೆ ಹರಿಯುವುದೂ ಅದರಿಂದಲೇ. ಚಾಕುವನ್ನು ಬಿಗಿಯಾಗಿ ಹಿಡಿದು, ಕೊಯ್ಯುವ ಹಾಗೆ ಒತ್ತಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ತೂಕವೂ ಹೀಗೆಯೇ. ನೂರೈವತ್ತು ಗ್ರಾಂ ಚಾಕು ಮೊದಲ ವಾರ ಹೆಮ್ಮೆ, ಎರಡನೇ ತಿಂಗಳಿಗೆ ಡ್ರಾಯರಿನ ಪಾಲು.

ಗರಗಸದ ಹಲ್ಲಿರುವ ಅಲಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಗ್ಗ ಕೊಯ್ಯಲು ಹಲ್ಲು ಒಳ್ಳೆಯದು. ಆದರೆ ಅರ್ಧ ಹಲ್ಲು, ಅರ್ಧ ನೇರ ಇರುವ ಚಾಕುಗಳಲ್ಲಿ ಹಲ್ಲುಗಳನ್ನು ಹಿಡಿಯ ಪಕ್ಕ ಇಟ್ಟಿರುತ್ತಾರೆ. ಕೈಗೆ ಹೆಚ್ಚು ಬಲ, ಹೆಚ್ಚು ಹಿಡಿತ ಸಿಗುವ ಜಾಗ ಅದು. ಕಟ್ಟಿಗೆ ಕೆತ್ತಲು, ಪೆನ್ಸಿಲ್ ಚೂಪು ಮಾಡಲು ಬೇಕಾಗುವುದು ಅದೇ. ಅಲ್ಲಿ ಹಲ್ಲಿದ್ದರೆ ಕೆಲಸವೆಲ್ಲ ಮೊನೆಯ ಕಡೆಗೆ ಹೋಗುತ್ತದೆ. ಮೊಂಡಾದಾಗ ಹಲ್ಲುಗಳನ್ನು ಒಂದೊಂದಾಗಿ ದುಂಡು ಕಡ್ಡಿಯಿಂದ ಮಸೆಯಬೇಕು, ಅದನ್ನು ಮಾಡುವವರು ಕಡಿಮೆ. ಒಳಕ್ಕೆ ಬಾಗಿದ ಅಂಚಿನ ಅಲಗುಗಳದ್ದೂ ಇದೇ ಕತೆ. ಚಪ್ಪಟೆ ಕಲ್ಲು ಆ ಬಾಗಿಗೆ ತಾಗುವುದೇ ಇಲ್ಲ.

ಇರುವ ಚಾಕುವನ್ನು ಸರಿಮಾಡುವುದು

ಕೊಯ್ಯದ ಚಾಕುವನ್ನು ಬಿಸಾಡಬೇಕಿಲ್ಲ. ದಪ್ಪ ಇಳಿಸಬಹುದು. ಸುಲಭದ ದಾರಿ ಅಂದರೆ 20 ಡಿಗ್ರಿಯ ಬದಲು 15 ಡಿಗ್ರಿ ಕೋನದಲ್ಲಿ ಮಸೆಯುವುದು. ಆಗ ಕಲ್ಲು ಅಂಚಿನ ತುದಿಗೆ ತಾಗುವುದಿಲ್ಲ, ಹೊಳೆಯುವ ಪಟ್ಟಿಯ ಮೇಲಿನ ಭುಜವನ್ನು, ಅಂದರೆ ಪಟ್ಟಿ ಮುಗಿದು ಅಲಗಿನ ಮೈ ಶುರುವಾಗುವ ಮೂಲೆಯನ್ನು ಸವೆಸುತ್ತದೆ. ಪಟ್ಟಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡು ಸಲ ಉಜ್ಜಿ ನೋಡಿ. ಶಾಯಿ ಎಲ್ಲಿ ಹೋಗಿದೆಯೋ ಕಲ್ಲು ತಾಗಿದ್ದು ಅಲ್ಲಿ. ಭುಜದ ಹತ್ತಿರ ಮಾತ್ರ ಹೋಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಒರಟು ಕಲ್ಲಿನಲ್ಲಿ ಶುರುಮಾಡಿ. ನಯವಾದ ಕಲ್ಲಿನಲ್ಲಿ ಇಡೀ ದಿನ ಕೂತರೂ ಸವೆಯುವುದಿಲ್ಲ. ಎರಡೂ ಬದಿಯ ಶಾಯಿ ಅಂಚಿನವರೆಗೆ ಹೋಗುವ ತನಕ ಮಾಡಿ, ಆಮೇಲೆ ನಯವಾದ ಕಲ್ಲಿಗೆ ಬನ್ನಿ. ಮೊದಲ ಸಲ ಹೊತ್ತು ಹಿಡಿಯುತ್ತದೆ. ಯಂತ್ರದ ಮೇಲೆ ಒಣ ಸಾಣೆ ಹಿಡಿಸಲು ಮಾತ್ರ ಕೊಡಬೇಡಿ. ಅಂಚು ನೀಲಿಬಣ್ಣಕ್ಕೆ ತಿರುಗಿತೆಂದರೆ ಆ ಜಾಗದ ಹದ ಹೋಯಿತು.

ಇದಾದ ಮೇಲೂ ರಟ್ಟು ಅಲಗಿನ ಮೈಯನ್ನು ಹಿಡಿಯುತ್ತಿದ್ದರೆ ಇಡೀ ಕೆನ್ನೆಯನ್ನೇ ತೆಳು ಮಾಡಬೇಕಾಗುತ್ತದೆ. ಅದು ಕಸುಬು ಬಲ್ಲವರ ಕೆಲಸ, ನೀರು ಹಾಯಿಸುವ ಸಾಣೆ ಇರುವವರ ಹತ್ತಿರ ಮಾಡಿಸಬೇಕು. ಅಲಗಿನ ಮೇಲಿನ ಕಪ್ಪು ಲೇಪವಾಗಲಿ ಬರಹವಾಗಲಿ ಉಳಿಯುವುದಿಲ್ಲ. ತಯಾರಕರ ಗ್ಯಾರಂಟಿಯೂ ಹೋಗಬಹುದು. ತೆಳುವಾದ ಚಾಕು ಮೀಟುವ ಕೆಲಸವನ್ನು ತಡೆಯುವುದಿಲ್ಲ ಅನ್ನುವುದೂ ಗಮನದಲ್ಲಿರಲಿ. ಡಬ್ಬಿಯ ಮುಚ್ಚಳ ತೆಗೆಯಲು ಚಾಕುವಿನ ಮೊನೆಯನ್ನೇ ಹಾಕುವ ಅಭ್ಯಾಸ ಇದ್ದವರು ಜೊತೆಗೆ ಒಂದು ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಳ್ಳುವುದು ಒಳ್ಳೆಯದು.